ದೊಡ್ಡಲಕ್ಷ್ಮಮ್ಮನ ಕೈಗುಣ

ಸೋಲೂರು
೧೦ ಜೂನ್ ೧೯೮೧

ಪ್ರೀತಿಯ ಹಾಜಿರಾ,

ರಾಮನಗರ ಬಿಟ್ಟು ಇವತ್ತಿಗೆ ಹದಿನೇಳು ದಿನ. ಹೋದ ಕೂಡಲೇ ಕಾಗದ ಬರೆಯುತ್ತೇನೆಂದು ಬಸ್ಸಿನ ಕಿಟಕಿಯಿಂದ ಕೂಗಿದವಳು ನಾನೇ. ನೀನು ಮೂತಿ ಊದಿಸಿಕೊಂಡು ಕೂತಿರುತ್ತೀಯ, ಗೊತ್ತು. ಆದರೆ ಏನು ಮಾಡಲಿ, ಮನೆಯಲ್ಲಿ ರೇಷ್ಮೆಹುಳ ಇವೆ. ಹುಳ ಇರುವ ಮನೆಯಲ್ಲಿ ಮನುಷ್ಯರನ್ನು ಕೇಳುವವರಿಲ್ಲ.

ಮಾವನಿಗೆ ವರ್ಗವಾಗದೆ ಇದ್ದಿದ್ದರೆ ಅವರ ಮನೆಯಲ್ಲೇ ಇದ್ದು ಏಳನೇ ಕ್ಲಾಸನ್ನೂ ನಿನ್ನ ಪಕ್ಕ ಕೂತೇ ಓದುತ್ತಿದ್ದೆ. ಇಲ್ಲಿನ ಶಾಲೆಯಲ್ಲಿ ನನ್ನನ್ನು ‘ಟೌನಿನವಳು’ ಎನ್ನುತ್ತಾರೆ. ಮಧ್ಯಾಹ್ನ ಒಬ್ಬಳೇ ಬುತ್ತಿ ಬಿಚ್ಚುತ್ತೇನೆ. ಅಪ್ಪನಿಗೆ ಹೇಳಿದರೆ, “ಒಸಿ ದಿನ ಓಗ್ಲಿ, ಎಲ್ರೂ ಮಾತಾಡುಸ್ತಾರೆ” ಎನ್ನುತ್ತಾನೆ. ಒಸಿ ದಿನ ಎಂದರೆ ಎಷ್ಟು ದಿನ ಎಂದು ಮಾತ್ರ ಹೇಳುವುದಿಲ್ಲ.

ಮನೆಯಲ್ಲಿ ಅಜ್ಜಿಯದೇ ರಾಜ್ಯ. ಒಗ್ಗರಣೆ ಹಾಕುವಂತಿಲ್ಲ, ಮಲ್ಲಿಗೆ ಮುಡಿಯುವಂತಿಲ್ಲ, ಕಾಲು ತೊಳೆಯದೆ ಹುಳದ ಕೋಣೆಗೆ ಹೋಗುವಂತಿಲ್ಲ. ಸುತ್ತ ನಾಲ್ಕೂರಿನವರು ಮೊಟ್ಟೆಯಿಂದ ಹುಳ ಹೊರಬಂದ ದಿನ ಮೊದಲ ಸೊಪ್ಪು ಹಾಕಲು ಅವಳನ್ನೇ ಕರೆಯುತ್ತಾರೆ. ದೊಡ್ಡಲಕ್ಷ್ಮಮ್ಮನ ಕೈಗುಣ ಅಂಥದ್ದಂತೆ, ಅವಳು ಸೊಪ್ಪು ಹಾಕಿದ ಹುಳ ಕೆಡುವುದಿಲ್ಲವಂತೆ. ಅಜ್ಜಿಗೂ ಅದರ ಜಂಬ ಚೆನ್ನಾಗಿಯೇ ಇದೆ.

ನೀನು ಕೊಟ್ಟ ರೇಷ್ಮೆಗೂಡಿನ ಹಾರವನ್ನು ಹುಳದ ಕೋಣೆಯ ಬಾಗಿಲ ಮೇಲೆ, ಒಳಗಡೆ ಕಟ್ಟಿದ್ದೇನೆ. ಅಜ್ಜಿ ಚೆನ್ನಾಗಿದೆ ಎಂದಳು.

ನನ್ನ ಜಾಗದಲ್ಲಿ ಯಾರನ್ನು ಕೂರಿಸಿಕೊಂಡಿದ್ದೀಯ? ನಿಜ ಹೇಳು.

ನಿನ್ನ
ಮಾಯಿ


ರಾಮನಗರ
೧೭ ಜೂನ್ ೧೯೮೧

ಮಾಯಿ,

ಮೂತಿ ಊದಿಸಿಕೊಂಡಿರಲಿಲ್ಲ. ದಿನಾ ಸಂಜೆ ಪೋಸ್ಟ್‌ಮನ್ ಬರುವ ಹೊತ್ತಿಗೆ ಬಾಗಿಲಲ್ಲಿ ನಿಂತಿರುತ್ತಿದ್ದೆ, ಅಷ್ಟೆ. ನಮ್ಮ ಅಜ್ಜಿ ಗುಲ್ಜಾರ್ ಬೀ ನನ್ನನ್ನು ನೋಡಿ, ಈ ಹುಡುಗಿಗೆ ಎಲ್ಲಿಂದಲೋ ಗಂಡಿನ ಕಡೆಯವರು ಬರೆಯುತ್ತಾರೆ ಎಂದು ಕಾಣುತ್ತದೆ ಎಂದು ನಗಾಡಿದರು. ನನಗೆ ಅಳು ಬಂತು.

ನಿನ್ನ ಜಾಗದಲ್ಲಿ ಮುನ್ನೀ ಕೂತಿದ್ದಾಳೆ. ನಾನು ಕೂರಿಸಿಕೊಂಡದ್ದಲ್ಲ, ಟೀಚರ್ ಕೂರಿಸಿದ್ದು. ಬರೆಯುವಾಗ ಮೊಣಕೈ ಚಾಚಿ ಅರ್ಧ ಬೆಂಚು ನುಂಗುತ್ತಾಳೆ.

ಹಾರದ ಗುಟ್ಟು ಈಗ ಹೇಳುತ್ತೇನೆ. ನಮ್ಮ ಚರಕದ ಮನೆಯಲ್ಲಿ ನೂಲು ಬಿಚ್ಚುವ ಮೊದಲು ಗೂಡನ್ನು ಹಬೆಗೆ ಇಡುತ್ತಾರೆ. ಹಬೆಗೆ ಒಳಗಿನ ಹುಳ ಸಾಯುತ್ತದೆ, ಗೂಡಿನ ಹೊಳಪೂ ಹೋಗುತ್ತದೆ. ನಿನಗೆ ಕೊಟ್ಟ ನಲವತ್ತು ಗೂಡನ್ನು ಅಬ್ಬಾ ಮಾರ್ಕೆಟ್ಟಿನಿಂದ ತಂದ ದಿನವೇ, ಹಬೆಗೆ ಹೋಗುವ ಮೊದಲು ಆರಿಸಿಟ್ಟಿದ್ದೆ. ಮೇಲಿನ ಎಳೆಗೆ ಮಾತ್ರ ಸೂಜಿ ಹಾಕಿ ಪೋಣಿಸಿದೆ. ಎಲ್ಲ ಜೀವಂತ ಗೂಡು. ಒಂದೊಂದರಿಂದಲೂ ಬಿಳಿ ಚಿಟ್ಟೆ ಹೊರಬರಬೇಕು. ಬಂದವಾ? ನೀನು ಬೆಚ್ಚಿಬಿದ್ದೆಯಾ? ಅದೇ ನನ್ನ ಮೋಜು.

ಬೇಗ ಬರೆ. ಹದಿನೇಳು ದಿನ ಮಾಡಬೇಡ.

ಹಾಜಿರಾ


ಸೋಲೂರು
೪ ಜುಲೈ ೧೯೮೧

ಹಾಜಿರಾ,

ಕ್ಷೇಮ ಎಂದು ಮೊದಲು ಬರೆಯುವುದು ಪದ್ಧತಿ. ಬರೆಯಲು ಕೈ ಬರುತ್ತಿಲ್ಲ. ನಮ್ಮ ಹುಳವೆಲ್ಲ ಹೋಯಿತು.

ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದಾಗ ಎಷ್ಟು ಚೆನ್ನಾಗಿದ್ದವು ಗೊತ್ತೇ, ಸೊಪ್ಪು ತಿನ್ನುವ ಸದ್ದು ಅಡುಗೆಮನೆಗೆ ಕೇಳುತ್ತಿತ್ತು. ಮೂರನೇ ದಿನ ಒಂದೊಂದರ ಮೈಮೇಲೂ ಕಪ್ಪು ಚುಕ್ಕಿ ಕಾಣಿಸಿತು. ಆಮೇಲೆ ತಟ್ಟೆಗಟ್ಟಲೆ ಹುಳ ಸತ್ತವು. ಗೂಡು ಕಟ್ಟಿದ ಒಂದಿಷ್ಟಕ್ಕೂ ತೂತು ಬಿತ್ತು. ಅಪ್ಪ ಎಲ್ಲವನ್ನೂ ಗುಂಡಿಗೆ ಸುರಿದು ಮಣ್ಣು ಮುಚ್ಚಿದ.

ಇಂಥ ರೋಗವನ್ನು ಊರಲ್ಲಿ ಯಾರೂ ನೋಡಿಲ್ಲ. ನೋಡದ್ದಕ್ಕೆ ಒಂದು ಕಾರಣ ಬೇಕಲ್ಲ, ಹುಡುಕಿದರು. ಅಜ್ಜಿಯ ಬಾಲ್ಯದ ಗೆಳತಿ ಬೋರಮ್ಮ ತೀರಿಕೊಂಡಿದ್ದಳು. ಅಜ್ಜಿ ಸಾವಿನ ಮನೆಗೆ ಹೋಗಿ, ಬಾವಿಯ ಹತ್ತಿರ ಸ್ನಾನ ಮಾಡಿ ಬಂದಳು. ಸೊಪ್ಪು ಹಾಕುವ ಹೊತ್ತಾಗಿತ್ತು. ಒದ್ದೆ ಸೀರೆಯಲ್ಲೇ, ದೀಪಕ್ಕೆ ಕೈಮುಗಿಯದೆ ನೇರ ತಟ್ಟೆಗೆ ಕೈ ಹಾಕಿದಳು. ಅದನ್ನು ಪಕ್ಕದ ಮನೆಯ ಕರಿಯಪ್ಪ ನೋಡಿದ್ದನಂತೆ. “ಸೂತಕದ ಕೈ ಕಣ್ಲಾ ಲಿಂಗಯ್ಯ, ಇನ್ನೇನಾದದು” ಎಂದು ಅಪ್ಪನಿಗೆ ಹೇಳಿದ. ಅಪ್ಪ ಖಾಲಿ ತಟ್ಟೆಗಳನ್ನು ಎತ್ತಿಡತೊಡಗಿದ. ಅಜ್ಜಿಯೇ, “ನನ್ ಕೈಯಿಂದ್ಲೇ ಆಯ್ತು” ಎಂದುಬಿಟ್ಟಳು.

ಮೊನ್ನೆ ಅವಳನ್ನು ಬಿಡದಿಗೆ, ಹುಚ್ಚಯ್ಯ ಚಿಕ್ಕಪ್ಪನ ಮನೆಗೆ ಬಿಟ್ಟು ಬಂದರು. ಕಳಿಸಿದ್ದಲ್ಲವಂತೆ, ಅವಳೇ ಹೋದದ್ದಂತೆ. ಚಿಕ್ಕಪ್ಪ ತಟ್ಟೆ ಇಡ್ಲಿ ಹೋಟೆಲ್ ಇಟ್ಟಿದ್ದಾನೆ. ಹುಳವಿಲ್ಲದ ಮನೆಯಲ್ಲಿ ಅಜ್ಜಿ ಹೇಗಿರುತ್ತಾಳೋ.

ನಿಮ್ಮ ಅಬ್ಬಾ ದಿನವೂ ರಾಶಿ ಗೂಡು ನೋಡುವವರು. ಈ ಕಪ್ಪು ಚುಕ್ಕಿ ಏನು, ತೂತು ಏನು ಎಂದು ಅವರನ್ನು ಕೇಳಿ ಬರೆ. ಸೂತಕದಿಂದ ಅಲ್ಲ ಎಂದು ಗೊತ್ತಾದರೆ ಅಪ್ಪ ಅವಳನ್ನು ಕರೆತರುತ್ತಾನೆ. ದಯವಿಟ್ಟು ಬೇಗ ಬರೆ.

ನಿನ್ನ ಹಾರದಿಂದ ಎಂಟೋ ಒಂಬತ್ತೋ ಚಿಟ್ಟೆ ಬಂದವು. ಉಳಿದ ಗೂಡಿಗೆ ಸಣ್ಣ ತೂತು ಬಿತ್ತು, ಏನೂ ಬರಲಿಲ್ಲ.

ಮಾಯಿ


ರಾಮನಗರ
೧೦ ಜುಲೈ ೧೯೮೧

ಪ್ರೀತಿಯ ಮಾಯಿ,

ನಿನ್ನ ಕಾಗದ ಬಂತು. ಓದಿ ಬೇಜಾರಾಯಿತು.

ಅಬ್ಬಾಗೆ ಕೆಲಸ ಜಾಸ್ತಿ. ಕೇಳಲು ಆಗಿಲ್ಲ. ರಂಜಾನ್ ಶುರುವಾಗಿದೆ, ಈ ವರ್ಷ ನಾನೂ ಉಪವಾಸ ಇದ್ದೇನೆ. ಮಧ್ಯಾಹ್ನದ ಹೊತ್ತಿಗೆ ತಲೆ ತಿರುಗುತ್ತದೆ. ಮುನ್ನೀಗೆ ಜ್ವರ, ಶಾಲೆಗೆ ಬಂದಿಲ್ಲ. ಗಣಿತದಲ್ಲಿ ಭಿನ್ನರಾಶಿ ಮುಗಿಯಿತು.

ಅಜ್ಜಿ ಬಿಡದಿಯಲ್ಲಿ ಆರಾಮವಾಗಿರುತ್ತಾರೆ ಬಿಡು. ಬಿಡದಿ ಒಳ್ಳೆಯ ಊರು, ರೈಲು ಕಾಣುತ್ತದೆ.

ಹಾಜಿರಾ


ಸೋಲೂರು
೧೯ ಜುಲೈ ೧೯೮೧

ಹಾಜಿರಾ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ನಾಲ್ಕು ಸಲ ಓದಿದರೂ ಅದರಲ್ಲಿ ನೀನು ಸಿಗಲಿಲ್ಲ. ನಾನು ಅಜ್ಜಿಯ ವಿಷಯ ಕೇಳಿದರೆ ನೀನು ಭಿನ್ನರಾಶಿ ಮುಗಿಯಿತು ಎನ್ನುತ್ತೀಯ. ನಮ್ಮ ಮನೆಗೆ ಕೇಡು ಹತ್ತಿದೆ, ಇವರ ಸಹವಾಸ ಬೇಡ ಎಂದು ನಿಮ್ಮ ಮನೆಯಲ್ಲಿ ಹೇಳಿದರಾ? ಹೇಳಿದ್ದರೆ ನೇರ ಬರೆ. ಮುನ್ನೀ ಜೊತೆ ಚೆನ್ನಾಗಿರು.

ಇವತ್ತು ಬಿಡದಿಗೆ ಹೋಗಿದ್ದೆವು. ಅಜ್ಜಿ ಹೋಟೆಲಿನ ಹಿಂದೆ ಮೂಟೆಯ ಮೇಲೆ ಕೂತಿರುತ್ತಾಳೆ. ಚಿಕ್ಕಮ್ಮ ಹೇಳಿದಳು, ಅವಳು ಇಡ್ಲಿ ಹಿಟ್ಟಿನ ಪಾತ್ರೆಯ ಹತ್ತಿರವೂ ಹೋಗುವುದಿಲ್ಲವಂತೆ. “ನನ್ ಕೈ ಬಿದ್ರೆ ಉದುಗು ಬರಾಕಿಲ್ಲ, ಹಿಟ್ಟು ಕಲ್ಲಾಯ್ತದೆ” ಎನ್ನುತ್ತಾಳಂತೆ. ಚಿಕ್ಕಪ್ಪನ ಮಗು ಅಳುತ್ತಿದ್ದರೂ ಎತ್ತಿಕೊಳ್ಳುವುದಿಲ್ಲ. ಬೂದಿ ಹಾಕಿ ಹಾಕಿ ಕೈ ತೊಳೆದುಕೊಳ್ಳುತ್ತಾಳೆ. ಬೆರಳ ಸಂದಿ ಬಿರಿದು ರಕ್ತ ಕಾಣುತ್ತದೆ. ನನ್ನ ತಲೆಯನ್ನಾದರೂ ಸವರುತ್ತಾಳೆ ಎಂದುಕೊಂಡು ಹತ್ತಿರ ಕೂತೆ. ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

ಊಟ ಕಡಿಮೆ ಮಾಡಿದ್ದಾಳೆ. ನನಗೆ ಭಯವಾಗುತ್ತದೆ ಹಾಜಿರಾ. ಬೇರೆ ಯಾರಿಗೂ ಹೇಳುವ ಹಾಗಿಲ್ಲ, ಅದಕ್ಕೇ ಸಿಟ್ಟಿದ್ದರೂ ನಿನಗೇ ಬರೆಯುತ್ತಿದ್ದೇನೆ.

ಮಾಯಿ


ರಾಮನಗರ
೨ ಆಗಸ್ಟ್ ೧೯೮೧

ಮಾಯಿ,

ಇವತ್ತು ಸಂಜೆ ಚಂದ್ರ ಕಂಡರೆ ನಾಳೆ ಹಬ್ಬ. ಮನೆಯಲ್ಲಿ ಎಲ್ಲರೂ ಹಬ್ಬದ ಗಡಿಬಿಡಿಯಲ್ಲಿದ್ದಾರೆ. ನಾನು ಮಹಡಿ ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಇದನ್ನು ಬರೆಯದೆ ಹೊಸ ಬಟ್ಟೆ ಹಾಕಿಕೊಳ್ಳಲು ನನ್ನಿಂದ ಆಗುವುದಿಲ್ಲ.

ಅದು ಸೂತಕ ಅಲ್ಲ. ಒಂದು ನೊಣ. ನಮ್ಮ ಚರಕದ ಪೀರ್ ಸಾಬ್ ತೋರಿಸಿದರು. ಈಚೆಗೆ ಮಾರ್ಕೆಟ್ಟಿಗೆ ಬರುವ ಗೂಡಿನಲ್ಲಿ ಎಷ್ಟೋ ತೂತು ಗೂಡು ಇರುತ್ತವೆ, ನೂಲು ತುಂಡಾಗುತ್ತದೆ ಎಂದು ಅಬ್ಬಾ ಗೊಣಗುತ್ತಲೇ ಇದ್ದರು. ಆ ನೊಣ ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ. ಮರಿ ಒಳಗೆ ಹೊಕ್ಕ ಜಾಗವೇ ಕಪ್ಪು ಚುಕ್ಕಿ. ಹುಳ ಗೂಡು ಕಟ್ಟಿದರೂ ಆ ಮರಿ ಗೂಡನ್ನು ಕೊರೆದು ಕೆಳಗೆ ಬಿದ್ದು, ನೆಲದ ಬಿರುಕಿನಲ್ಲಿ ಸೇರಿಕೊಂಡು, ಹತ್ತು ಹನ್ನೆರಡು ದಿನಕ್ಕೆ ನೊಣವಾಗಿ ಏಳುತ್ತದೆ. ರೇಷ್ಮೆ ಇಲಾಖೆಯವರು ಅದನ್ನು ಊಜಿ ನೊಣ ಎನ್ನುತ್ತಾರಂತೆ. ನಮ್ಮ ಕಡೆಗೆ ಹೊಸದಂತೆ.

ಹಾರದ ಗೂಡನ್ನು ಹಬೆಗೆ ಇಟ್ಟಿದ್ದರೆ ಆ ಮರಿ ಒಳಗೇ ಸಾಯುತ್ತಿತ್ತು. ನಾನು ಇಡಲಿಲ್ಲ. ಹೊಳಪು ಹೋಗುತ್ತದೆ ಎಂದು, ನಿನಗೆ ಚಿಟ್ಟೆ ತೋರಿಸಬೇಕೆಂದು ಇಡಲಿಲ್ಲ. ಚಿಟ್ಟೆ ಬಾರದ ಗೂಡಿನಲ್ಲಿ ತೂತು ಇತ್ತು ಎಂದು ಬರೆದಿದ್ದೆಯಲ್ಲ. ಅದರಲ್ಲಿ ಇದ್ದದ್ದು ಅದೇ. ನಿಮ್ಮ ಹುಳವನ್ನು ಕೊಂದದ್ದು ನಿಮ್ಮ ಅಜ್ಜಿಯ ಕೈ ಅಲ್ಲ, ನನ್ನ ಕೈ.

ಇದು ನನಗೆ ಗೊತ್ತಾದದ್ದು ಮೊನ್ನೆ ಶುಕ್ರವಾರ. ಗೊತ್ತಾದ ಕೂಡಲೇ ಬರೆಯುತ್ತಿದ್ದೇನೆ.

ಈ ಕಾಗದವನ್ನು ನಿಮ್ಮ ಅಪ್ಪನಿಗೆ ಓದಿ ಹೇಳು. ಅಜ್ಜಿಗೂ ಓದಿ ಹೇಳು. ಅವರು ನನ್ನನ್ನು ಏನಂದರೂ ಸರಿಯೇ. ನೀನು ಏನನ್ನುತ್ತೀಯ ಎನ್ನುವುದೇ ನನಗೆ ಭಯ.

ಹಾಜಿರಾ


ರಾಮನಗರ
೨೦ ಆಗಸ್ಟ್ ೧೯೮೧

ಮಾಯಿ,

ನನ್ನ ಕಾಗದ ತಲುಪಿತಾ? ಇನ್‌ಲ್ಯಾಂಡ್ ಲೆಟರಿಗೆ ಅಂಟು ಸರಿಯಾಗಿ ಹಾಕಿದ್ದೆ. ವಿಳಾಸದಲ್ಲಿ ಹೋಬಳಿ, ತಾಲ್ಲೂಕು ಎರಡೂ ಬರೆದಿದ್ದೆ. ತಲುಪಿರಬೇಕು.

ಅಜ್ಜಿ ಮನೆಗೆ ಬಂದರಾ? ಅಷ್ಟು ಮಾತ್ರ ಹೇಳು. ನನಗೆ ಉತ್ತರ ಬರೆಯಲು ಇಷ್ಟವಿಲ್ಲದಿದ್ದರೆ ಒಂದು ಕಾರ್ಡಿನಲ್ಲಿ ‘ಬಂದಳು’ ಎಂದು ಬರೆದು ಹಾಕು, ಹೆಸರು ಕೂಡ ಬೇಡ.

ಹಾಜಿರಾ


ರಾಮನಗರ
೫ ಸೆಪ್ಟೆಂಬರ್ ೧೯೮೧

ಮಾಯಿ, ಇದು ಮೂರನೆಯದು. ಬೈದಾದರೂ ಬರೆ. ಕಾರ್ಡಾದ್ದರಿಂದ ಪೋಸ್ಟ್‌ಮನ್ ಓದುತ್ತಾನೆ, ಹೆಚ್ಚು ಬರೆಯುವುದಿಲ್ಲ. ಹಾ.


ಸೋಲೂರು
೮ ಅಕ್ಟೋಬರ್ ೧೯೮೧

ಹಾಜಿರಾ,

ನಿನ್ನ ಮೂರೂ ಕಾಗದ ತಲುಪಿದವು. ದೊಡ್ಡ ಕಾಗದ ಆಗಸ್ಟ್ ಐದರಂದೇ ತಲುಪಿತು. ಅಜ್ಜಿ ತೀರಿಕೊಂಡಳು. ಸೆಪ್ಟೆಂಬರ್ ಇಪ್ಪತ್ತೈದು, ಶುಕ್ರವಾರ ಬೆಳಗ್ಗೆ. ಮೊನ್ನೆ ತಿಥಿ ಮುಗಿಯಿತು. ಈಗ ಎಲ್ಲವನ್ನೂ ಬರೆಯುತ್ತೇನೆ, ಮಧ್ಯದಲ್ಲಿ ನಿಲ್ಲಿಸಿದರೆ ಮತ್ತೆ ಬರೆಯಲಾರೆ.

ಮೊದಲ ಕಾಗದದಲ್ಲಿ, ಹಾರ ನೋಡಿ ಅಜ್ಜಿ ಚೆನ್ನಾಗಿದೆ ಎಂದಳು ಎಂದು ಬರೆದಿದ್ದೆ. ಅದು ಸುಳ್ಳು. ಅವಳು ಅಂದದ್ದು, “ಸಂತೆ ಗೂಡ ಹುಳದ್ ಮನೆ ಒಳಿಕ್ಕೆ ತರಬ್ಯಾಡ ಕಣವ್ವ, ಯಾವ್ ಊರಿಂದೋ ಏನೋ, ಆಚೆ ಕಟ್ಟು.” ಹೂಂ ಎಂದು ತಲೆಯಾಡಿಸಿ ಒಳಗಡೆ ಬಾಗಿಲ ಮೇಲೆ, ಅವಳ ಮಂದಗಣ್ಣಿಗೆ ಕಾಣದ ಹಾಗೆ ಕಟ್ಟಿದೆ. ಆಚೆ ಕಟ್ಟಿದರೆ ಮಳೆಗೆ ನೆನೆಯುತ್ತದೆ ಎನಿಸಿತು. ಈ ಊರಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ ಆಗಿತ್ತು.

ನಿನ್ನ ಕಾಗದ ಓದಿದಾಗ ನಿನ್ನ ಮೇಲೆ ಸಿಟ್ಟು ಬರಲೇ ಇಲ್ಲ. ಇದನ್ನು ಓದಿ ಹೇಳಿದರೆ ಹಾರ ಎಲ್ಲಿತ್ತು ಎಂದು ಕೇಳುತ್ತಾರೆ, ಅಜ್ಜಿ ಬೇಡ ಎಂದದ್ದು ಹೊರಗೆ ಬರುತ್ತದೆ ಎಂಬ ಭಯ ಬಂತು. ನಾಳೆ ಹೇಳೋಣ ಎಂದು ಕಾಗದವನ್ನು ಭೂಗೋಳದ ಪುಸ್ತಕದಲ್ಲಿಟ್ಟೆ. ಗೌರಿ ಹಬ್ಬ ಮುಗಿಯಲಿ ಎಂದುಕೊಂಡೆ. ಪರೀಕ್ಷೆ ಮುಗಿಯಲಿ ಎಂದುಕೊಂಡೆ. ನೀನು ಆಮೇಲೆ ಬರೆದ ಎರಡನ್ನೂ ಅದೇ ಪುಸ್ತಕಕ್ಕೆ ಸೇರಿಸಿದೆ. ಅಪ್ಪ ಹೊಸ ಮೊಟ್ಟೆ ತರಲು ಹೆದರಿ ಹುಳದ ಕೋಣೆಗೆ ಬೀಗ ಹಾಕಿದ್ದ. ಅವ್ವ ನನ್ನ ಹಣೆ ಮುಟ್ಟಿ, “ಯಾಕ್ ಮಗ, ಸೊರಗ್ತಾ ಇದ್ದೀಯ” ಎಂದಳು. ಆಗಲೂ ಬಾಯಿ ಬಿಡಲಿಲ್ಲ.

ಸೆಪ್ಟೆಂಬರ್ ಹದಿಮೂರರ ಭಾನುವಾರ, ಅಜ್ಜಿಗೆ ಹುಷಾರಿಲ್ಲ ಎಂದು ಚಿಕ್ಕಪ್ಪ ಹೇಳಿಕಳಿಸಿದ. ಅಪ್ಪನ ಜೊತೆ ಹೋದೆ. ಕಾಗದವನ್ನು ಲಂಗದ ನೆರಿಗೆಗೆ ಸಿಕ್ಕಿಸಿಕೊಂಡಿದ್ದೆ. ಮಾಗಡಿಯಲ್ಲಿ ಬಸ್ಸು ಬದಲಿಸುವಾಗ ಹೇಳಬೇಕೆಂದುಕೊಂಡೆ, ಆಗಲಿಲ್ಲ. ಅಜ್ಜಿ ಚಾಪೆಯ ಮೇಲೆ ಇಷ್ಟೇ ಇಷ್ಟಾಗಿ ಮಲಗಿದ್ದಳು. ಆಗಲೂ ಕೈ ಸೆರಗಿನೊಳಗೇ ಇತ್ತು. ಅದನ್ನು ನೋಡಿ ತಡೆಯಲಾಗಲಿಲ್ಲ. ಕಾಗದ ತೆಗೆದು ಎಲ್ಲರ ಮುಂದೆ ಓದಿದೆ. ಓದಿ ಮುಗಿಸಿ, ಕಾಗದದಲ್ಲಿ ಇಲ್ಲದ ನನ್ನ ಭಾಗವನ್ನೂ ಹೇಳಿದೆ.

ಅಪ್ಪ ನನ್ನನ್ನು ಹೊಡೆಯುತ್ತಾನೆ ಎಂದುಕೊಂಡಿದ್ದೆ. ಅವನು ಎದ್ದು ಹೊರಗೆ ಹೋಗಿ ರೈಲುಕಂಬಿಯ ಕಡೆ ಮುಖ ಮಾಡಿ ನಿಂತ.

ಅಜ್ಜಿ, “ಇನ್ನೊಂದ್ ಕಿತ ಓದು” ಎಂದಳು. ಓದಿದೆ. ಇನ್ನೊಂದು ಸಲ ಎಂದಳು. ಮೂರು ಸಲ ಓದಿಸಿದಳು. ಆಮೇಲೆ, “ಅಂಗಾರೆ ನಂದಲ್ಲ” ಎಂದಳು. ಮತ್ತೆ, “ನೊಣ ನೋಡಿದ್ದೆ ಕಣೆ. ಎಮ್ಮೆ ನೊಣ ಅಂದ್ಕಂಡು ಸುಮ್ನಾದೆ. ನನ್ ಬುದ್ಧಿಗೆ ಮಂಕು ಕವಿದಿತ್ತು” ಎಂದು ತನ್ನನ್ನೇ ಬೈದುಕೊಂಡಳು. ಆಮೇಲೆ ನನ್ನನ್ನು ನೋಡಿದಳು. “ಆ ಸಾಬರ ಹುಡ್ಗಿ ನೋಡು, ಗೊತ್ತಾದೇಟ್ಗೇ ಯೋಳವ್ಳೆ. ನೀನು...” ಎಂದವಳು ಅಲ್ಲಿಗೇ ನಿಲ್ಲಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಬೆಳಗ್ಗೆ ಅವಳು ಗೋಡೆ ಹಿಡಿದುಕೊಂಡು ಎದ್ದು, ಚಿಕ್ಕಮ್ಮನ ಕೈಯಿಂದ ಹಿಟ್ಟಿನ ಪಾತ್ರೆ ಎಳೆದುಕೊಂಡು, ಮೊಣಕೈವರೆಗೆ ಕೈ ಹಾಕಿ ಕಲೆಸಿದಳು. ಉಪ್ಪು ಕಡಿಮೆ ಎಂದು ಚಿಕ್ಕಮ್ಮನನ್ನು ಬೈದಳು. ಅವತ್ತೇ ಅಪ್ಪ ಅವಳನ್ನು ಊರಿಗೆ ಕರೆತಂದ. ಆ ವಾರವೇ ಕರಿಯಪ್ಪನ ಮನೆಯಲ್ಲಿ ಮೊಟ್ಟೆ ಒಡೆದಿತ್ತು. ಕರೆಯಲು ಅವನಿಗೆ ಮುಖವಿರಲಿಲ್ಲ, ಅಜ್ಜಿಗೆ ನಡೆಯಲು ಶಕ್ತಿ ಇರಲಿಲ್ಲ. ಕಡೆಗೆ ಅವನೇ ಎಳೆ ಹುಳದ ತಟ್ಟೆಯನ್ನು ತಲೆಯ ಮೇಲಿಟ್ಟುಕೊಂಡು ಬಂದು ಅವಳ ಹಾಸಿಗೆಯ ಪಕ್ಕ ಇಳಿಸಿದ. ಅವಳು ಸೊಪ್ಪನ್ನು ಸಣ್ಣಗೆ ಹರಿದು ಉದುರಿಸಿದಳು. ಆ ಹುಳ ಈಗ ಚೆನ್ನಾಗಿವೆ.

ಮನೆಗೆ ಬಂದ ಮೇಲೆ ನನ್ನ ತಲೆ ಸವರಿದಳು. ಆದರೆ ಆ ಅರ್ಧ ಮಾತನ್ನು ಮುಗಿಸಲೇ ಇಲ್ಲ.

ನಾನು ಲೆಕ್ಕ ಹಾಕಿದ್ದೇನೆ. ಓದಿ ಹೇಳಿದ ಮೇಲೆ ಅವಳು ಬದುಕಿದ್ದು ಹನ್ನೆರಡು ದಿನ. ಅದಕ್ಕೆ ಮೊದಲು ನಿನ್ನ ಕಾಗದ ನನ್ನ ಪುಸ್ತಕದಲ್ಲಿ ಇದ್ದದ್ದು ಮೂವತ್ತೊಂಬತ್ತು ದಿನ. ಅಷ್ಟು ದಿನ ಅವಳು ತನ್ನ ಕೈಗೇ ಹೇಸಿಕೊಂಡು ಮೂಟೆಯ ಮೇಲೆ ಕೂತಿದ್ದಳು. ನಾನು ಇಲ್ಲಿ ಮುದ್ದೆ ಉಣ್ಣುತ್ತಿದ್ದೆ. ನಿನ್ನದು ತಿಳಿಯದೆ ಆದದ್ದು, ತಿಳಿದ ಕೂಡಲೇ ಹೇಳಿದೆ. ಆ ಮೂವತ್ತೊಂಬತ್ತು ದಿನ ನನ್ನವು. ನಿನ್ನಂಥವಳಿಗೆ ನಾನು ಗೆಳತಿ ಎನ್ನಿಸಿಕೊಳ್ಳುವುದು ಹೇಗೆ?

ಇನ್ನು ಮೇಲೆ ಬರೆಯಬೇಡ. ಸಿಟ್ಟಿನಿಂದ ಹೇಳುತ್ತಿಲ್ಲ.

ಮಾಯಮ್ಮ


ರಾಮನಗರ
೧೨ ಅಕ್ಟೋಬರ್ ೧೯೮೧

ಮಾಯಿ,

ಬರೆಯಬೇಡ ಎಂದಿದ್ದೀಯ. ಒಂದು ಸಲ ಬರೆಯುತ್ತೇನೆ, ಪೂರ್ತಿ ಓದು.

ನಿಮ್ಮ ಅಜ್ಜಿಯ ಸುದ್ದಿ ಓದಿ ಅಬ್ಬಾ ಇವತ್ತು ಚರಕ ನಿಲ್ಲಿಸಿದರು. ನಾನು ಅವರನ್ನು ನೋಡಿಯೇ ಇಲ್ಲ, ಆದರೂ ಬೆಳಗಿನಿಂದ ಅಳುತ್ತಿದ್ದೇನೆ. ಅದಕ್ಕೆ ಕಾರಣ ಇದೆ.

ನೊಣದ ವಿಷಯ ನನಗೆ ಗೊತ್ತಾದದ್ದು ಜುಲೈ ಏಳು, ಮಂಗಳವಾರ. ನಿನ್ನ ಕಾಗದ ಬಂದ ದಿನವೇ ಕಪ್ಪು ಚುಕ್ಕಿ ಏನು ಎಂದು ಪೀರ್ ಸಾಬ್‌ರನ್ನು ಕೇಳಿದೆ. ಅವರು ಒಂದು ತೂತು ಗೂಡು ಒಡೆದು ಅಲ್ಲೇ ತೋರಿಸಿದರು. ನನ್ನ ಹಾರ ಆ ಕ್ಷಣವೇ ನೆನಪಾಯಿತು. ಆಮೇಲೆ ಅಬ್ಬಾಗೆ ಕೆಲಸ ಜಾಸ್ತಿ, ಕೇಳಲು ಆಗಿಲ್ಲ ಎಂದು ನಿನಗೆ ಬರೆದೆ. ಉಪವಾಸ ಇದ್ದುಕೊಂಡು ಬರೆದೆ. ಆಗಸ್ಟ್ ಎರಡಕ್ಕೆ ನಿಜ ಬರೆಯುವಾಗಲೂ, ಮೊನ್ನೆ ಶುಕ್ರವಾರ ಗೊತ್ತಾಯಿತು ಎಂದು ಒಂದು ಸುಳ್ಳು ಉಳಿಸಿಕೊಂಡೆ. ನಿನ್ನ ಕಣ್ಣಲ್ಲಿ ಅಷ್ಟಾದರೂ ಒಳ್ಳೆಯವಳಾಗಿರಬೇಕು ಎನಿಸಿತು.

ಜುಲೈ ಏಳರಿಂದ ಆಗಸ್ಟ್ ಎರಡಕ್ಕೆ ಇಪ್ಪತ್ತಾರು ದಿನ. ಅವು ನನ್ನವು. ನೀನು ಕೈ ತೊಳೆಯುವ ಅಜ್ಜಿಯ ಬಗ್ಗೆ ಬರೆದ ಕಾಗದ ಬಂದದ್ದು ಆ ದಿನಗಳಲ್ಲೇ. ಅದನ್ನು ಓದಿದ ಮೇಲೂ ಹನ್ನೊಂದು ದಿನ ಸುಮ್ಮನಿದ್ದೆ.

ಅಜ್ಜಿ ನನ್ನನ್ನು ಹೊಗಳಿದ ಮಾತು ನನಗೆ ಸೇರಿದ್ದಲ್ಲ. ಅದರ ಎದುರು ನಿನ್ನನ್ನು ಇಟ್ಟು ತೂಗಿಕೊಳ್ಳಬೇಡ. ಅವರು ನನ್ನ ನಿಜ ತಿಳಿಯದೆ ಹೋದರು, ನಿನ್ನ ನಿಜವನ್ನು ನಿನ್ನ ಬಾಯಿಂದಲೇ ಕೇಳಿ ಹೋದರು. ನೀನು ಎಲ್ಲರ ಮುಂದೆ ನಿಂತು ಹೇಳಿದೆ. ನಾನು ಮಹಡಿ ಮೆಟ್ಟಿಲ ಮೇಲೆ ಕೂತು ಬರೆದೆ.

ಇದನ್ನು ಓದಿ ನಿನಗೆ ನನ್ನ ಮೇಲೆ ಸಿಟ್ಟು ಬರಬಹುದು. ಈ ಸಲ ಬರಲಿ.

ಬರುವ ಭಾನುವಾರ ಅಬ್ಬಾ ನಿಮ್ಮ ಅಪ್ಪನನ್ನು ಮಾತಾಡಿಸಲು ಬರುತ್ತಾರೆ. ಅವರ ಜೊತೆ ನಾನೂ ಬರುತ್ತೇನೆ. ಸೋಲೂರಿಗೆ ಹತ್ತೂವರೆಯ ಹೊತ್ತಿಗೆ ಬಸ್ಸು ತಲುಪುತ್ತದಂತೆ. ನೀನು ಸ್ಟಾಪಿಗೆ ಬರಲೇಬೇ‌ಕೆಂದಿಲ್ಲ. ಬರದಿದ್ದರೆ ನಾನು ಅಲ್ಲೇ ಕಟ್ಟೆಯ ಮೇಲೆ ಕೂತಿದ್ದು, ಅಬ್ಬಾ ಬಂದ ಮೇಲೆ ವಾಪಸ್ಸು ಹೊರಡುತ್ತೇನೆ. ಬೇಜಾರೇನೂ ಆಗುವುದಿಲ್ಲ ಎಂದು ಬರೆಯಲು ಹೊರಟಿದ್ದೆ.

ಆಗುತ್ತದೆ.

ಹಾಜಿರಾ